ಸರ್ಕಾರದ ಸಂಬಳ, ಚಳವಳಿಯ ಕೆಲಸ

ಸಾಮಾಜಿಕ ಪರಿಶೋಧನೆ, ಅಂದರೆ ಸರ್ಕಾರಿ ಕಾಮಗಾರಿಯ ಲೆಕ್ಕವನ್ನು ಊರಿನವರ ಮುಂದೆಯೇ ಪರಿಶೀಲಿಸುವ ಪದ್ಧತಿ, ಕುರಿತ ನಮ್ಮ ಲೇಖನ ಓದಿ ಕೂಲಿಕಾರರ ಸಂಘಟನೆಯ ಕಾರ್ಯಕರ್ತೆಯೊಬ್ಬರು ಬರೆದಿದ್ದಾರೆ: ‘ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಸರ್ಕಾರವನ್ನೇ ಪ್ರಶ್ನಿಸುತ್ತದೆಯೇ? ಚಳವಳಿಯ ಹಲ್ಲು ಕೀಳಲೆಂದೇ ಇಂಥವನ್ನು ಕಟ್ಟುತ್ತಾರೆ. ನನಗೀಗ ಅಂಥದ್ದೇ ಪರಿಶೋಧನಾ ಘಟಕದಲ್ಲಿ ಗುತ್ತಿಗೆ ಕೆಲಸಕ್ಕೆ ಕರೆ ಬಂದಿದೆ. ಹೋಗಲೇ?’

ನಿಮ್ಮ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ‘ಹಲ್ಲು ಕೀಳಲೆಂದೇ’ ಎಂಬುದನ್ನು ನಾನು ಒಪ್ಪಲಾರೆ. ಮಹಿಳಾ ಸಮಖ್ಯವನ್ನು ನೆನಪಿಸಿಕೊಳ್ಳಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಶುರುವಾದ, ಹಳ್ಳಿಯ ಹೆಂಗಸರು ಸಂಘ ಕಟ್ಟಿಕೊಳ್ಳಲು ನೆರವಾಗುವ ಕಾರ್ಯಕ್ರಮ ಅದು. ನಮ್ಮಲ್ಲಿ ಮೊದಲು ಬಿಜಾಪುರ, ಬೀದರ್, ಮೈಸೂರು ಜಿಲ್ಲೆಗಳಲ್ಲಿ. ಹಣ ಸರ್ಕಾರದ ಮೂಲಕ ಬರುತ್ತಿತ್ತು, ನಡೆಸುವ ಹೊಣೆ ಇಲಾಖೆಯಿಂದ ಹೊರಗಿನ ನೋಂದಾಯಿತ ಸೊಸೈಟಿಯದ್ದು. ಅಲ್ಲಿ ದುಡಿದ ಹಲವರು ಮಹಿಳಾ ಚಳವಳಿಯಿಂದಲೇ ಬಂದವರು. ಸುಮಾರು ಹತ್ತು ಹಳ್ಳಿಗೆ ಒಬ್ಬ ಸಹಯೋಗಿನಿ. ಹೆಂಗಸರು ಕೂಲಿಯಿಂದ ಮರಳಿ, ಒಲೆ ಕೆಲಸ ಮುಗಿಸಿ ಕೂರುವ ಹೊತ್ತಿಗೆ ಹೋಗಿ ಅವರ ಜೊತೆ ಕೂರುವುದೇ ಅವಳ ಕೆಲಸ. ತಿಂಗಳಿಗೆ ಇಷ್ಟು ಸಂಘ, ಇಷ್ಟು ಸಾಲ ಎಂಬ ಗುರಿಯಿರಲಿಲ್ಲ. ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಸಂಘದವರೇ ತೀರ್ಮಾನಿಸುತ್ತಿದ್ದರು. ಆ ತೀರ್ಮಾನ ಎಷ್ಟೋ ಸಲ ಸರ್ಕಾರಿ ಕಚೇರಿಯ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು.

2016ರಲ್ಲಿ ಕೇಂದ್ರ ಹಣ ನಿಲ್ಲಿಸಿತು; ಗ್ರಾಮೀಣ ಜೀವನೋಪಾಯ ಮಿಷನ್ ಜೊತೆ ಸೇರಿಸುತ್ತೇವೆಂದಿತು. ಉಳಿತಾಯ, ಸಾಲ ಮರುಪಾವತಿಯ ಲೆಕ್ಕದಲ್ಲಿ ನಡೆಯುವ ಮಿಷನ್‌ನೊಳಗೆ, ಹೊಡೆಸಿಕೊಂಡ ಹೆಂಗಸಿನ ಮಾತಿಗೆ ಕಿವಿಗೊಡುವ, ಸಂಘದ ಹೆಂಗಸರೇ ನಡೆಸುತ್ತಿದ್ದ ನಾರಿ ಅದಾಲತ್‌ಗೆ ಜಾಗವೆಲ್ಲಿ? ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೆ. ಮಹಿಳಾ ಸಮಖ್ಯವನ್ನು ಕಾಯುವ ಒಂದು ಕಾನೂನು ಇರಲಿಲ್ಲ. ಕಾರ್ಯಕ್ರಮವಾಗಿ ಬಂತು, ಕಾರ್ಯಕ್ರಮವಾಗಿಯೇ ಹೋಯಿತು.

ಸಾಮಾಜಿಕ ಪರಿಶೋಧನೆಯ ಕಥೆ ಬೇರೆ. 1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ, ಶುರುಮಾಡಿದಾಗ ಮಾಡಿದ್ದಿಷ್ಟೇ: ಸರ್ಕಾರಿ ಕಾಮಗಾರಿಯ ಕೂಲಿಕಾರರ ಹಾಜರಿ ಪಟ್ಟಿಯನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದ್ದು. ಹೆಸರು, ಕೆಲಸದ ದಿನ, ಕೊಟ್ಟ ಕೂಲಿ. ಕೆಲಸಕ್ಕೇ ಹೋಗದವರ ಹೆಸರು ಪಟ್ಟಿಯಲ್ಲಿ. ಹೋದವರಿಗೆ ಸಿಕ್ಕ ಕೂಲಿ ಬರೆದದ್ದಕ್ಕಿಂತ ಕಡಿಮೆ. ಗುಟ್ಟಾಗಿದ್ದ ಕಾಗದ ಬಯಲಿಗೆ ಬಂದರೆ ಸಾಕಾಗಿತ್ತು. ಅದೇ ಪದ್ಧತಿ 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಮಿಗೆ ಏರಿತು. 2009ರಲ್ಲಿ ಆಂಧ್ರಪ್ರದೇಶ ಅದಕ್ಕೆಂದೇ ಪ್ರತ್ಯೇಕ ಸೊಸೈಟಿ ಕಟ್ಟಿತು. ಕಾಮಗಾರಿ ಮಾಡಿಸುವವರಿಂದ ಪರಿಶೋಧನಾ ಘಟಕ ಸ್ವತಂತ್ರವಾಗಿರಬೇಕೆಂದು 2011ರ ನಿಯಮಗಳು ಹೇಳಿದವು. ಚಳವಳಿ ಬೀದಿಯಲ್ಲಿ ಕಲಿತದ್ದನ್ನು ಸರ್ಕಾರದ ಕೈಯಲ್ಲೇ ಬರೆಸಿಕೊಂಡದ್ದು ಸಣ್ಣ ಗೆಲುವಲ್ಲ. ಇದನ್ನು ಹಲ್ಲು ಕೀಳುವುದು ಎನ್ನಲು ನನ್ನಿಂದಾಗದು.

ನೀವು ಹೇಳಿದ ಅಪಾಯವೂ ನಿಜವೇ. ಪರಿಶೋಧಕರು ದುರುಪಯೋಗ ಪತ್ತೆ ಹಚ್ಚಬಹುದು, ವಸೂಲಿ ಮಾಡುವ ಅಧಿಕಾರ ಅವರಿಗಿಲ್ಲ. ಅದು ಆಡಳಿತದ ಕೈಯಲ್ಲಿ. ಪತ್ತೆಯಾದ ಮೊತ್ತದಲ್ಲಿ ವಾಪಸು ಬಂದದ್ದು ಸಣ್ಣ ಪಾಲು. ಹಣ ತಡವಾಗಿ ಬಂದು ಘಟಕಗಳು ಪರದಾಡಿದ್ದೂ ಉಂಟು.

ಹಾಗಾಗಿ, ಹೋಗಿ ಎಂದೇ ಹೇಳುತ್ತೇನೆ. ಸಹಿ ಹಾಕುವ ಮೊದಲು ನಿಮ್ಮ ಗುತ್ತಿಗೆ ನವೀಕರಿಸುವವರು ಯಾರೆಂದು ಕೇಳಿ. ನೀವು ಲೆಕ್ಕ ನೋಡಬೇಕಾದ ಕಾಮಗಾರಿಯ ಅಧಿಕಾರಿಯೇ ಆಗಿದ್ದರೆ, ಆ ಮಾತನ್ನು ಬರವಣಿಗೆಯಲ್ಲಿ ಎತ್ತಿ. ನಿಮ್ಮ ಸಂಘವನ್ನು ಮಾತ್ರ ಕಚೇರಿಯೊಳಗೆ ಕರೆದೊಯ್ಯಬೇಡಿ. ವರದಿ ಗ್ರಾಮಸಭೆಯಲ್ಲಿ ಮಂಡನೆಯಾದ ಮೇಲೆ, ವಸೂಲಿ ಆದೇಶಕ್ಕಾಗಿ ತಾಲ್ಲೂಕು ಪಂಚಾಯ್ತಿ ಮುಂದೆ ಧರಣಿ ಕೂರಲು ನಿಮಗೆ ಆಗುವುದಿಲ್ಲ. ಕೂರುವವರು ಯಾರೆಂದು ಸಂಘದಲ್ಲಿ ಈಗಲೇ ಮಾತಾಡಿಕೊಳ್ಳಿ.

– ಸಂಪಾದಕ