ಸಾದಾ ಬ್ಲೂ-ರೇ ಪ್ಲೇಯರೇ ಸಾಕು

40 ಇಂಚಿನ ಫುಲ್ ಎಚ್‌ಡಿ ಟಿವಿ, ಹಳೇ ಡಿವಿಡಿಗಳ ರಾಶಿ, 4ಕೆ ಪ್ಲೇಯರ್ ಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ, ಸುಮ್ನೆ ದುಡ್ಡು ದಂಡ. ಸಾದಾ ಬ್ಲೂ-ರೇ ಪ್ಲೇಯರೇ 1080ಪಿ, ಅಂದರೆ ನಿಮ್ಮ ಟಿವಿ ತೋರಿಸಬಲ್ಲ ಪೂರ್ತಿ ಫುಲ್ ಎಚ್‌ಡಿ ಚಿತ್ರ ಕೊಡುತ್ತದೆ, ಡಿವಿಡಿಯನ್ನೂ ಓಡಿಸುತ್ತದೆ. ಹೊಸದು ಸಿಗುವುದು ಈಗ ಕಡಿಮೆ, ಹಾಗಾಗಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಅಂಗಡಿ ಅಂಗಡಿ ಅಲೆಯುವ ಬದಲು ಸೆಕೆಂಡ್ ಹ್ಯಾಂಡ್ ಪಿಎಸ್3 (ಸೋನಿಯ ಪ್ಲೇಸ್ಟೇಷನ್ 3 ಗೇಮ್ ಯಂತ್ರ) ನೋಡಿ, ಅದರಲ್ಲೂ ಬ್ಲೂ-ರೇ ಓಡುತ್ತದೆ, ಮಕ್ಕಳಿಗೆ ಗೇಮೂ ಆಯ್ತು ಅಲ್ವಾ. ಆದರೆ ನಿಮ್ಮದೇ ಡಿಸ್ಕ್ ಹಾಕಿ ಅರ್ಧ ಗಂಟೆ ಓಡಿಸಿ ನೋಡಿಯೇ ದುಡ್ಡು ಕೊಡಿ. ನಮ್ಮ ಮಳೆಗಾಲದ ತೇವಕ್ಕೆ ಡಿಸ್ಕ್ ಓದುವ ಲೆನ್ಸ್ ಕೈಕೊಡುವುದುಂಟು, ನನ್ನ ಮೊದಲನೆಯದು ಹಾಗೇ ಹೋಯಿತು.

ಭಾವ ದುಬೈಯಿಂದ ಪ್ಲೇಯರ್ ತರುತ್ತಾರೆ ಅಂದಿದ್ದೀರಲ್ಲ, ಡಿಸ್ಕ್‌ಗೂ ಪ್ಲೇಯರ್‌ಗೂ ಯಾವ ದೇಶಗಳಿಗೆ ಅಂತ ರೀಜನ್ ಕೋಡ್ ಇರುತ್ತದೆ. ಅಲ್ಲಿಯದು ಬ್ಲೂ-ರೇಗೆ ರೀಜನ್ ಬಿ, ಡಿವಿಡಿಗೆ 2. ಇಲ್ಲಿಯದು ಸಿ ಮತ್ತು 5. ಇಲ್ಲಿಯ ರೀಜನ್‌ಗೆ ಲಾಕ್ ಆಗಿರುವ ಡಿಸ್ಕ್ ಆ ದುಬೈ ಪ್ಲೇಯರ್‌ನಲ್ಲಿ ಓಡುವುದಿಲ್ಲ.