ಅಣ್ಣನ ಹೊಟ್ಟೆಯಲ್ಲಿ ತಂಗಿಯ ಲಿವರ್

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಅಣ್ಣನಿಗೆ ಲಿವರ್ ಕಸಿ ಆಯಿತು. ಲಿವರ್‌ನ ಒಂದು ಭಾಗ ಕೊಟ್ಟವಳು ನಾನೇ. ಇಬ್ಬರೂ ಹುಷಾರಾಗಿದ್ದೇವೆ. ಮೊನ್ನೆ ಬೆಂಗಳೂರಿಗೆ ಚೆಕಪ್‌ಗೆ ಹೋದಾಗ, ಒಂದು ಅಧ್ಯಯನಕ್ಕೆ ಇಬ್ಬರ ರಕ್ತವೂ ಬೇಕು, ಸಹಿ ಹಾಕಿ ಅಂದರು. ಮಾಲಿಕ್ಯುಲರ್ ಡೇಟಾ ಅಂತೇನೋ ಹೇಳಿದರು. ಕಾಯಿಲೆ ಅಣ್ಣನಿಗೆ, ನನ್ನ ರಕ್ತ ಯಾಕೆ? ‘ಸುಮ್ನೆ ಯಾಕೆ ತಲೆನೋವು’ ಅಂತಾನೆ ಅಣ್ಣ. ಸಹಿ ಹಾಕಬಹುದಾ? ಇನ್ನೊಂದು, ಅವನು ಚಕ್ಕೋತ ತಿನ್ನಬಾರದಂತೆ, ನಿಜವಾ? ನಮ್ಮ ಹಿತ್ತಲಲ್ಲಿ ಮರದ ತುಂಬ ಹಣ್ಣಿದೆ.
– ಓದುಗರೊಬ್ಬರು, ಹೊಸನಗರ ತಾಲೂಕು

ಸಂಪಾದಕರ ಉತ್ತರ:

ಸಹಿ ಹಾಕಿ ಅಂತಲೇ ನಾನು ಹೇಳುತ್ತೇನೆ. ಆದರೆ ಫಾರಂ ಕನ್ನಡದಲ್ಲಿ ಕೇಳಿ ತಗೊಳ್ಳಿ. ಮನೆಗೆ ತಂದು ಇಬ್ಬರೂ ಕೂತು ಓದಿ, ಆಮೇಲೆ ಹಾಕಿ. ಯಾಕೆ ಅಂತ ಹೇಳೋದು ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಕಡೆ ಅಪ್ಪೆಮಿಡಿ ಕಸಿ ಕಟ್ಟುತ್ತಾರಲ್ಲ. ಬುಡ ಕಾಡುಮಾವಿನ ಸಸಿಯದು, ಮೇಲೆ ಅಪ್ಪೆಯ ಕುಡಿ. ಎರಡೂ ಕೂಡಿಕೊಂಡು ಒಂದೇ ಮರ ಆಗುತ್ತದೆ. ಆದರೂ ಎಷ್ಟು ವರ್ಷ ಕಳೆದರೂ ಮಿಡಿಗೆ ಅಪ್ಪೆಯ ಪರಿಮಳವೇ. ಡಾಕ್ಟರು ಮಾಡಿದ್ದಕ್ಕೂ ನಾವು ಕಸಿ ಅಂತಲೇ ಅನ್ನುತ್ತೇವೆ. ಸರಿಯಾದ ಮಾತೇ. ಅಣ್ಣನ ಮೈ ಅಣ್ಣನದು, ಆದರೆ ಒಳಗಿನ ಲಿವರ್ ಇವತ್ತಿಗೂ ನಿಮ್ಮ ಜೀನ್ ಹೇಳಿದಂತೆ ಕೆಲಸ ಮಾಡುತ್ತಿದೆ. ಅಪ್ಪ ಅಮ್ಮನಿಂದ ಬಂದ ಜೀನ್ ಪ್ರತಿಗಳಲ್ಲಿ ಒಡಹುಟ್ಟಿದವರಿಗೆ ಸರಾಸರಿ ಅರ್ಧದಷ್ಟು ಮಾತ್ರ ಒಂದೇ ಆಗಿರುತ್ತವೆ. ಉಳಿದರ್ಧದಲ್ಲಿ ನೀವು ಬೇರೆ, ಅವರು ಬೇರೆ.

ಇದರಿಂದ ಏನಾಗುತ್ತದೆ ಅಂತ ಅವರ ಮಾತ್ರೆಯಲ್ಲೇ ನೋಡೋಣ. ಕಸಿಯಾದ ಹೆಚ್ಚಿನವರು ನುಂಗುವುದು ಟ್ಯಾಕ್ರೊಲಿಮಸ್. ಜಪಾನಿನ ಸುಕುಬಾ ಎಂಬ ಊರಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1984ರಲ್ಲಿ ಸಿಕ್ಕಿದ ಔಷಧಿ ಅದು. ಹೊರಗಿನಿಂದ ಬಂದ ಲಿವರ್ ಮೇಲೆ ಮೈ ತಿರುಗಿ ಬೀಳದಂತೆ ತಡೆಯುತ್ತದೆ. ರಕ್ತದಲ್ಲಿ ಕಡಿಮೆಯಾದರೆ ಮೈ ಲಿವರನ್ನು ಒಪ್ಪುವುದಿಲ್ಲ. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು, ಕಾಫಿ ಲೋಟ ಹಿಡಿದರೆ ಕೈ ನಡುಕ. ಸರಿಯಾದ ಅಳತೆ ಇವೆರಡರ ನಡುವಿನ ಸಣ್ಣ ಜಾಗದಲ್ಲಿದೆ. ಅದಕ್ಕೇ ಅಷ್ಟು ಸಲ ರಕ್ತ ಪರೀಕ್ಷೆ. ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಮಾತ್ರೆಯನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಲ್ಯಾಬ್ ಬಾಗಿಲು ತೆರೆಯುವುದನ್ನೇ ಕಾಯುತ್ತಾ ಕೂತಿರುತ್ತಾರೆ. ಮೊದಲು ರಕ್ತ, ಆಮೇಲೆ ಮಾತ್ರೆ. ನುಂಗಿ ಹೋದರೆ ಲೆಕ್ಕವೇ ತಪ್ಪುತ್ತದೆ.

ಈ ಔಷಧಿಯನ್ನು ಮೈಯಲ್ಲಿ ಕರಗಿಸುವ ಕಿಣ್ವಗಳಲ್ಲಿ (ಎಂಜೈಮ್) ಒಂದರ ಹೆಸರು ಸಿವೈಪಿ3ಎ5. ಕೆಲವರಲ್ಲಿ ಇದು ಚುರುಕಾಗಿ ಕೆಲಸ ಮಾಡುತ್ತದೆ, ಕೆಲವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಚುರುಕಾಗಿದ್ದವರಿಗೆ ಮಾತ್ರೆ ಜಾಸ್ತಿ ಬೇಕು. ಯಾರದು ಹೇಗೆ ಅನ್ನೋದನ್ನು ಜೀನ್ ತೀರ್ಮಾನಿಸುತ್ತದೆ. ಈ ಕಿಣ್ವ ಕರುಳಿನಲ್ಲೂ ಇದೆ, ಲಿವರ್‌ನಲ್ಲೂ ಇದೆ. ಅಂದರೆ ನಿಮ್ಮಣ್ಣ ನುಂಗಿದ ಮಾತ್ರೆಗೆ ಕರುಳಿನಲ್ಲಿ ಅವರ ಜೀನ್ ಎದುರಾಗುತ್ತದೆ, ಲಿವರ್‌ನಲ್ಲಿ ನಿಮ್ಮದು. ನಿಮ್ಮ ರಕ್ತ ನೋಡದೆ ಅವರ ಡೋಸ್ ಪೂರ್ತಿ ಅರ್ಥವಾಗುವುದಿಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೇ.

ಇದು ಒಂದು ಜೀನ್ ಕಥೆ. ಪ್ರೊಟೀನ್ ತಯಾರಿಸುವ ಜೀನ್‌ಗಳೇ ಮನುಷ್ಯನಲ್ಲಿ ಸುಮಾರು 20,000 ಇವೆ. ಯಾವುದು ಯಾವಾಗ ಚುರುಕಾಗುತ್ತದೆ, ರಕ್ತದಲ್ಲಿ ಯಾವ ಪ್ರೊಟೀನ್ ಏರುತ್ತದೆ, ಯಾವುದು ಇಳಿಯುತ್ತದೆ ಅಂತ ಸಾವಿರಾರು ಅಂಶಗಳನ್ನು ಒಟ್ಟಿಗೆ ಅಳೆಯುವುದನ್ನೇ ಅವರು ಮಾಲಿಕ್ಯುಲರ್ ಡೇಟಾ ಅಂದದ್ದು. ಒಬ್ಬರದೇ ಅಳತೆ ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ನೂರಾರು, ಸಾವಿರಾರು ಜನರದ್ದು ಪಕ್ಕಪಕ್ಕ ಇಟ್ಟಾಗ, ಲಿವರ್ ಕೈಕೊಟ್ಟವರಲ್ಲಿ ಮುಂಚೆಯೇ ಏನು ಬದಲಾಗಿತ್ತು ಅನ್ನೋದು ಕಣ್ಣಿಗೆ ಬೀಳುತ್ತದೆ.

ಈಗ ಲಿವರ್‌ಗೆ ಏನೋ ಆಗಿದೆ ಅನ್ನಿಸಿದರೆ ಹೊಟ್ಟೆಗೆ ಸೂಜಿ ಹಾಕಿ ಒಂದು ಚೂರು ತೆಗೆಯುತ್ತಾರೆ. ಆ ಚೂರು ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು, ಅಷ್ಟೇ. ನೋವು, ರಕ್ತಸ್ರಾವದ ಭಯ ಬೇರೆ. ಇದಕ್ಕೆ ಇನ್ನೊಂದು ದಾರಿ ಹುಡುಕುತ್ತಿದ್ದಾರೆ, ನನಗೆ ಬಹಳ ಭರವಸೆ ಕೊಟ್ಟಿರುವುದು ಅದೇ. ಜೀವಕೋಶ ಸತ್ತಾಗ ಅದರ ಡಿಎನ್‌ಎ ತುಂಡುಗಳು ರಕ್ತಕ್ಕೆ ಸೇರುತ್ತವೆ. ಅಣ್ಣನ ರಕ್ತದಲ್ಲಿ ನಿಮ್ಮ ಡಿಎನ್‌ಎ ತುಂಡುಗಳೂ ತೇಲುತ್ತಿರುತ್ತವೆ. ಅವು ಏಕಾಏಕಿ ಹೆಚ್ಚಾದರೆ ಲಿವರ್‌ಗೆ ಪೆಟ್ಟಾಗುತ್ತಿದೆ ಅಂತ ಅರ್ಥ. ಒಂದು ಸಿರಿಂಜ್ ರಕ್ತದಲ್ಲಿ ಮುಗಿಯುವ ಕೆಲಸ. ಇಷ್ಟು ದೂರದಿಂದ ಓಡಾಡುವವರಿಗೆ ಅದು ಎಷ್ಟು ದೊಡ್ಡ ಉಪಕಾರ ಅಲ್ವಾ?

ಕಸಿಯಾದವರಲ್ಲಿ ಕೆಲವರು ಡಾಕ್ಟರ ಕಣ್ಗಾವಲಿನಲ್ಲಿ ಈ ಮಾತ್ರೆಯನ್ನು ಪೂರ್ತಿ ಬಿಟ್ಟೂ ಚೆನ್ನಾಗಿದ್ದಾರೆ. ಅಂಥವರನ್ನು ಮೊದಲೇ ಗುರುತಿಸಲು ಆಗುತ್ತದಾ ಅನ್ನುವ ಹುಡುಕಾಟವೂ ನಡೆದಿದೆ. ಇದನ್ನು ಓದಿ ಅಣ್ಣ ತಾವಾಗಿ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬಾರದು. ಕೈ ಮುಗಿದು ಹೇಳುತ್ತೇನೆ.

ನಿಮ್ಮಂಥವರು ಸಹಿ ಹಾಕಬೇಕು ಅನ್ನಲು ಇನ್ನೊಂದು ಕಾರಣವಿದೆ. ಯುರೋಪ್ ಮೂಲದ ಹೆಚ್ಚಿನವರಲ್ಲಿ ಆ ಸಿವೈಪಿ3ಎ5 ಕೆಲಸವನ್ನೇ ಮಾಡುವುದಿಲ್ಲ. ಭಾರತೀಯರಲ್ಲಿ ಕೆಲಸ ಮಾಡುವವರ ಪಾಲು ಅವರಿಗಿಂತ ಜಾಸ್ತಿ. ಅಲ್ಲಿನವರ ರಕ್ತ ನೋಡಿ ಕಟ್ಟಿದ ಲೆಕ್ಕ ನಮ್ಮವರಿಗೆ ಹಾಗೇ ಹೊಂದುವುದಿಲ್ಲ. ಲೆಕ್ಕ ಹೊಂದದ್ದಕ್ಕೆ ಇನ್ನೊಂದು ಉದಾಹರಣೆ ನೋಡಿ. ಅಮೆರಿಕದಲ್ಲಿ 2002ರಿಂದ ಯಾರಿಗೆ ಮೊದಲು ಲಿವರ್ ಅಂತ ತೀರ್ಮಾನಿಸಲು ಮೆಲ್ಡ್ ಎಂಬ ಅಂಕ ಬಳಸುತ್ತಾರೆ. ಸ್ನಾಯುವಿನಿಂದ ರಕ್ತಕ್ಕೆ ಬಂದು ಕಿಡ್ನಿ ಸೋಸಿ ಹಾಕುವ ಕ್ರಿಯಾಟಿನಿನ್ ಎಂಬ ಕಸವೂ ಆ ಅಂಕದ ಲೆಕ್ಕಕ್ಕೆ ಸೇರುತ್ತದೆ. ಹೆಂಗಸರಲ್ಲಿ ಸ್ನಾಯು ಕಡಿಮೆ, ಹಾಗಾಗಿ ರಕ್ತದ ಕ್ರಿಯಾಟಿನಿನ್ ಕಡಿಮೆ. ಅದರಿಂದ ಕಾಯಿಲೆ ಜೋರಾಗಿದ್ದರೂ ಅವರ ಅಂಕ ಕಡಿಮೆ ಬರುತ್ತಿತ್ತು. ಇದನ್ನು ಸರಿಪಡಿಸಿದ ಲೆಕ್ಕ ಅಲ್ಲಿ ಜಾರಿಗೆ ಬಂದದ್ದು 2023ರಲ್ಲಿ. ಲೆಕ್ಕ ಕಟ್ಟುವಾಗ ಯಾರನ್ನು ಸರಿಯಾಗಿ ನೋಡಲಿಲ್ಲವೋ ಅವರಿಗೇ ನಷ್ಟ. ಹೊಸನಗರದ, ತೀರ್ಥಹಳ್ಳಿಯ, ಸೊರಬದ ಜನ ಹಾಗೆ ಬಿಟ್ಟುಹೋಗಬಾರದು ಅಂತ ನನ್ನ ಆಸೆ.

ಸಹಿಗೆ ಮುಂಚೆ ಆಸ್ಪತ್ರೆಯವರನ್ನು ಕೆಲವು ಪ್ರಶ್ನೆ ಕೇಳಿ. ನಮ್ಮ ಹೆಸರು ತೆಗೆದು ನಂಬರ್ ಹಾಕುತ್ತೀರಾ? ಮಾಹಿತಿ ಯಾರ ಕೈಗೆಲ್ಲ ಹೋಗುತ್ತದೆ? ಕಂಪನಿಗೆ ಕೊಡುತ್ತೀರಾ? ಉಳಿದ ರಕ್ತವನ್ನು ಏನು ಮಾಡುತ್ತೀರಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇದನ್ನೆಲ್ಲ ತಿಳಿಸಬೇಕು. ಬೇಡ ಅನ್ನಿಸಿದಾಗ ಹೊರಬರುವ ಹಕ್ಕು ನಿಮಗಿದೆ. ಸಹಿ ಹಾಕದಿದ್ದರೂ ಅಣ್ಣನ ಚಿಕಿತ್ಸೆಗೆ ತೊಂದರೆ ಆಗಬಾರದು. ಅಣ್ಣನಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಈ ಕಾಗದ ಓದಿ ಹೇಳಿ, ಸಾಕು.

ಇನ್ನು ಚಕ್ಕೋತ. ನಿಜವೇ. ಅದರಲ್ಲಿರುವ ಕೆಲವು ಅಂಶಗಳು ಕರುಳಿನಲ್ಲಿ ಮಾತ್ರೆ ಕರಗಿಸುವ ಕಿಣ್ವವನ್ನು ತಡೆಯುತ್ತವೆ. ಆಗ ರಕ್ತದಲ್ಲಿ ಔಷಧಿ ಏರಿಬಿಡುತ್ತದೆ. ನಾಟಿ ಔಷಧಿಗಳಲ್ಲೂ ಕೆಲವು ಹೀಗೆ ಮಾಡಬಹುದು, ಡಾಕ್ಟರನ್ನು ಕೇಳದೆ ಕೊಡಬೇಡಿ. ಮರ ಕಡಿಸುವುದೇನೂ ಬೇಡ. ಹಣ್ಣು ನೀವು ತಿನ್ನಿ, ಅಕ್ಕಪಕ್ಕದ ಮನೆಯವರಿಗೆ ಕೊಡಿ. ಸುಲಿಯುವಾಗ ಅಣ್ಣನ ಕೈಗೆ ಒಂದು ಬಾಳೆಹಣ್ಣು ಕೊಟ್ಟುಬಿಡಿ.