ಸ್ಟೀರಿಂಗ್ ಬಾಕ್ಸ್ ಬದಲಿಸುವ ಮುಂಚೆ ಬೂಟ್ ಬಿಚ್ಚಿ ನೋಡಿದ್ರಾ?

ಪ್ರಶ್ನೆ: ನಮ್ಮದು 2009ರ ಡೀಸೆಲ್ ಇನ್ನೋವಾ. ಗದ್ದೆಗೂ ಅದೇ, ಮದುವೆ ಜಾತ್ರೆಗೂ ಅದೇ. ಮೂರು ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಈಚೆಗೆ ಪವರ್ ಸ್ಟೀರಿಂಗ್ ಆಯಿಲ್ ಕಮ್ಮಿಯಾಗುತ್ತಾ ಇದೆ, ವಾರಕ್ಕೊಮ್ಮೆ ತುಂಬಿಸುತ್ತಿದ್ದೇವೆ. ತಿರುಗಿಸುವಾಗ ಗುಂಯ್ ಅಂತ ಸದ್ದು ಬೇರೆ. ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಬಗ್ಗಿ ನೋಡಿದವರೇ ‘ಸ್ಟೀರಿಂಗ್ ಬಾಕ್ಸ್ ಹೋಗಿದೆ, ಹೊಸದೇ ಹಾಕಬೇಕು’ ಅಂದರು. ಇನ್ನೊಬ್ಬ ಮೇಸ್ತ್ರಿ ಸೀಲ್ ಕಿಟ್ ಸಾಕು, ಒಳಗಿನ ಸೀಲುಗಳನ್ನಷ್ಟೇ ಬದಲಿಸಿದರೆ ಆಯಿತು ಅಂತಾರೆ. ನಮ್ಮ ಕಾಕಾ ಮಾತ್ರ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಹಾಕಿಕೊಂಡು ಓಡಿಸು, ಏನಾಗಲ್ಲ ಅಂತಾರೆ. ಯಾರ ಮಾತು ಕೇಳಲಿ ಸರ್?
– ಓದುಗರು, ಸಿರುಗುಪ್ಪ

ಉತ್ತರ: ಕಾಕಾ ಅವರ ಮಾತನ್ನು ಮೊದಲು ಬದಿಗಿಡಿ. ಆ ಕ್ಯಾನ್ ಮನೆಯಲ್ಲೇ ಇರುತ್ತದೆ, ಕೈಗೆ ಸಿಗುತ್ತದೆ, ಹಾಗಾಗಿ ನಮ್ಮ ಭತ್ತದ ಸೀಮೆಯಲ್ಲಿ ಕಾರಿಗೂ ಅದನ್ನೇ ಸುರಿಯುವವರು ಕಮ್ಮಿ ಇಲ್ಲ. ನಿಮ್ಮ ಇನ್ನೋವಾಗೆ ಬೇಕಾದದ್ದು ಡೆಕ್ಸ್ರಾನ್ 2 ಅಥವಾ 3 ದರ್ಜೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಹಾಕುವ ಕೆಂಪು ಆಯಿಲ್. ಅದನ್ನೇ ಹಾಕಿ. ಬ್ರೇಕ್ ಆಯಿಲ್ ಅಂತೂ ಒಂದು ಹನಿಯೂ ಬೇಡ, ಪವರ್ ಸ್ಟೀರಿಂಗಿನ ರಬ್ಬರ್ ಸೀಲುಗಳು ಅದಕ್ಕೆ ಉಬ್ಬಿ ಹಾಳಾಗುತ್ತವೆ.

ಇನ್ನು ಇಬ್ಬರು ಮೇಸ್ತ್ರಿಗಳ ಜಗಳ. ಇಬ್ಬರೂ ಸರಿ ಇರಬಹುದು, ಇಬ್ಬರೂ ತಪ್ಪಿರಬಹುದು. ನಾನು ಕೇಳುವುದು ಒಂದೇ: ಇಬ್ಬರಲ್ಲಿ ಯಾರಾದರೂ ಬಾಕ್ಸಿನ ತುದಿಗೆ ಹೊದಿಸಿರುವ ರಬ್ಬರ್ ಬೂಟ್ ಬಿಚ್ಚಿ ನೋಡಿದರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ.

ಸ್ಟೀರಿಂಗ್ ಬಾಕ್ಸ್ ಅಂತ ನಾವು ಕರೆಯುವುದು ಅಸಲಿಗೆ ಒಂದು ಉದ್ದ ಕೊಳವೆ. ಒಳಗೆ ಹಲ್ಲಿರುವ ರಾಡ್, ಅದರ ಮೇಲೊಂದು ಪಿಸ್ಟನ್. ನೀವು ಸ್ಟೀರಿಂಗ್ ತಿರುಗಿಸಿದ ಕಡೆಗೆ ವಾಲ್ವ್ ತೆರೆದುಕೊಂಡು, ಪಂಪಿನಿಂದ ಒತ್ತಡದಲ್ಲಿ ಬಂದ ಆಯಿಲ್ ಪಿಸ್ಟನ್ನಿನ ಒಂದು ಬದಿಗೆ ಹೋಗಿ ರಾಡನ್ನು ತಳ್ಳುತ್ತದೆ. ಆಯಿಲ್ ಹೊರಗೆ ಬರದ ಹಾಗೆ ಕೊಳವೆಯ ಎರಡೂ ಕಡೆ ಸೀಲ್ ಇರುತ್ತದೆ. ಆ ಸೀಲ್ ಹೋದರೆ ಆಯಿಲ್ ನೇರ ನೆಲಕ್ಕೆ ಬೀಳುವುದಿಲ್ಲ, ತುದಿಯಲ್ಲಿರುವ ಮಡಿಕೆ ಮಡಿಕೆಯ ರಬ್ಬರ್ ಬೂಟಿನೊಳಗೆ ತುಂಬಿಕೊಳ್ಳುತ್ತದೆ. ಅದಕ್ಕೇ ಬೂಟಿನ ಸಣ್ಣ ತುದಿಯ ಕ್ಲಿಪ್ ಬಿಚ್ಚಿ ಸ್ವಲ್ಪ ಹಿಂದೆ ಸರಿಸಿ. ಕೆಂಪು ಆಯಿಲ್ ಸುರಿದರೆ ಬಾಕ್ಸ್ ಸೀಲ್ ಹೋಗಿದೆ, ಅನುಮಾನ ಬೇಡ. ಸುಮ್ನೆ ಬೆವರಿದ ಹಾಗೆ ಪಸೆ ಇದ್ದರೆ ಇನ್ನೂ ಕಾಯಬಹುದು. ಒಳಗೆ ಒಣಗಿದ್ದರೆ ಲೀಕ್ ಬೇರೆ ಎಲ್ಲೋ ಇದೆ: ಪಂಪಿನ ಸೀಲ್, ಒತ್ತಡದ ಹೋಸ್, ವಾಪಸ್ ಬರುವ ಹೋಸಿನ ಸಡಿಲ ಕ್ಲಿಪ್, ಬಾಕ್ಸಿನ ಮೇಲೆಯೇ ಹಾದುಹೋಗುವ ಎರಡು ಸಣ್ಣ ಲೋಹದ ಪೈಪುಗಳ ನಟ್ಟು, ಅಥವಾ ಸ್ಟೀರಿಂಗ್ ಕಂಬಿ ಬಾಕ್ಸಿಗೆ ಇಳಿಯುವ ಜಾಗದ ಮೇಲಿನ ಸೀಲ್. ಇದರಲ್ಲಿ ಒಂದು ಹೋಸ್ ಕ್ಲಿಪ್ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ಇಡೀ ಬಾಕ್ಸ್ ಇಳಿಸಿದರೆ ದುಡ್ಡು ಯಾರದು ಹೋಯಿತು?

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಬಳ್ಳಾರಿ, ಸಂಡೂರು ದಾರಿಯಲ್ಲಿ ಓಡುವ ಗಾಡಿಯ ಹೊಟ್ಟೆ ಪೂರ್ತಿ ಅದಿರಿನ ಕೆಂಪು ಧೂಳು, ಸಿರುಗುಪ್ಪದ ಕಡೆಯದಾದರೆ ಕಪ್ಪು ಎರೆಮಣ್ಣು. ಆಯಿಲ್ ಬಿದ್ದ ಕಡೆಯೆಲ್ಲ ಆ ಧೂಳು ಹಿಡಿದು ಗಟ್ಟಿ ಪದರ ಆಗಿರುತ್ತದೆ. ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ಹರಡುತ್ತದೆ, ಹಾಗಾಗಿ ಒದ್ದೆ ಕಂಡ ಜಾಗವೇ ಲೀಕ್ ಆದ ಜಾಗ ಅಲ್ಲ. ಕೆಳಭಾಗವನ್ನು ಮೊದಲು ಚೆನ್ನಾಗಿ ತೊಳೆಸಿ, ಒರೆಸಿ, ಆಯಿಲ್ ಸರಿ ಮಟ್ಟಕ್ಕೆ ತುಂಬಿಸಿ. ಇಂಜಿನ್ ಚಾಲೂ ಮಾಡಿ ಒಬ್ಬರು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನಿಂದ ನೋಡಲಿ. ಎಲ್ಲಕ್ಕಿಂತ ಮೇಲಿನ ಯಾವ ಜಾಗ ಮೊದಲು ಹಸಿಯಾಯಿತು ಅನ್ನುವುದೇ ಮುಖ್ಯ. ಸ್ಟೀರಿಂಗನ್ನು ಕೊನೆಯಲ್ಲೇ ಒತ್ತಿ ಹಿಡಿದು ನಿಲ್ಲಬೇಡಿ, ಒತ್ತಡ ಪೂರ್ತಿ ಏರುವುದೇ ಆ ಕೊನೆಯಲ್ಲಿ, ಇರುವ ಸೀಲೂ ಹಾರುತ್ತದೆ. ಕೆಳಗೆ ನೋಡುವವರು ಬರೀ ಜಾಕ್ ನಂಬಿ ಗಾಡಿ ಅಡಿ ನುಗ್ಗಬಾರದು, ಸ್ಟ್ಯಾಂಡ್ ಇರಲೇಬೇಕು. ಗುಂಡಿ ಇರುವ ಸರ್ವೀಸ್ ಸ್ಟೇಷನ್ ಆದರೆ ಇನ್ನೂ ಒಳ್ಳೆಯದು.

ಗುಂಯ್ ಸದ್ದು ಬರುತ್ತಿದೆ ಅಂದಿರಿ. ಅದು ಪಂಪ್ ಗಾಳಿ ಎಳೆಯುತ್ತಿರುವ ಸದ್ದು, ಆಯಿಲ್ ತಳ ಹಿಡಿದಿದೆ ಅಂತ ಅರ್ಥ. ಹೀಗೇ ಓಡಿಸಿದರೆ ಪಂಪೂ ಸವೆಯುತ್ತದೆ, ಸವೆದ ಲೋಹದ ಪುಡಿ ಬಾಕ್ಸಿಗೆ ಹೋಗುತ್ತದೆ, ಒಂದರ ಜೊತೆ ಎರಡು ಖರ್ಚು. ಆಯಿಲ್ ಪೂರ್ತಿ ಖಾಲಿಯಾದರೂ ಚಕ್ರ ತಿರುಗುತ್ತದೆ, ಕಂಬಿ ನೇರ ಜೋಡಣೆ ಇರುತ್ತದಲ್ಲ, ಆದರೆ ಇನ್ನೋವಾದಷ್ಟು ತೂಕದ ಗಾಡಿ ತಿರುವಿನಲ್ಲಿ ಒಮ್ಮೆಲೇ ಭಾರ ಆದರೆ ಕೈ ಸಾಲುವುದಿಲ್ಲ. ಇನ್ನೊಂದು, ಈ ಆಯಿಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊತ್ತಿಕೊಳ್ಳುವ ಸಾಧ್ಯತೆಯೂ ಇದೆ.

ಬೂಟಿನಲ್ಲಿ ಆಯಿಲ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಹೊಸದಾ, ಸೀಲ್ ಕಿಟ್ಟಾ? ಇದನ್ನು ತೀರ್ಮಾನ ಮಾಡುವುದು ರಾಡ್, ಮೇಸ್ತ್ರಿ ಅಲ್ಲ. ಬೂಟ್ ಹರಿದು ಎಷ್ಟೋ ಕಾಲ ಆಗಿದ್ದರೆ ಗದ್ದೆಯ ಕೆಸರು, ಧೂಳು ಒಳಗೆ ಹೋಗಿ ರಾಡಿಗೆ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ. ಆ ರಾಡಿನ ಮೇಲೆ ಹೊಸ ಸೀಲ್ ಹಾಕಿದರೆ ಚುಕ್ಕೆಗಳು ಅದನ್ನೂ ಉಜ್ಜಿ ಹರಿಯುತ್ತವೆ, ಕೆಲವೇ ದಿನಕ್ಕೆ ಮತ್ತೆ ಲೀಕ್. ರಾಡ್ ಕನ್ನಡಿ ಹಾಗೆ ಹೊಳೆಯುತ್ತಿದ್ದರೆ, ಉಗುರು ಎಳೆದರೆ ಎಲ್ಲೂ ಸಿಕ್ಕಿಕೊಳ್ಳದಿದ್ದರೆ, ಸೀಲ್ ಕಿಟ್ ಧಾರಾಳ ಹಾಕಿಸಿ. ಆದರೆ ಸ್ಟೀರಿಂಗ್ ಕೆಲಸವನ್ನೇ ಮಾಡುವವರ ಹತ್ತಿರ, ಬಿಚ್ಚಿದಾಗ ನೀವೂ ಎದುರಿಗೆ ಇದ್ದು. ಚುಕ್ಕೆ ಇದ್ದರೆ ಹೊಸದು ಅಥವಾ ರಿಪೇರಿ ಮಾಡಿಟ್ಟ ಬಾಕ್ಸ್, ಹಳೆಯದನ್ನು ಕೊಟ್ಟು ತರುವುದು. ರಿಪೇರಿ ಮಾಡಿದ್ದಕ್ಕೆ ವಾರಂಟಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬಾಯಿ ಮಾತು ಬೇಡ. ಗುಜರಿಯಿಂದ ತಂದ ಬಾಕ್ಸ್ ನಾನಾದರೆ ಹಾಕಿಸುವುದಿಲ್ಲ. ಅದರ ಸೀಲಿಗೂ ನಿಮ್ಮದರಷ್ಟೇ ವಯಸ್ಸು.

ಲೀಕ್ ನಿಲ್ಲಿಸುವ ಔಷಧಿ ಅಂತ ಬಾಟಲಿ ಸಿಗುತ್ತದೆ, ಅದನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಣಗಿದ ರಬ್ಬರನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತದೆ ಅಷ್ಟೆ. ಪಸೆ ಇದ್ದರೆ ನಾಲ್ಕು ದಿನ ತಳ್ಳಬಹುದು. ವಾರಕ್ಕೊಮ್ಮೆ ತುಂಬಿಸುವ ಲೀಕಿಗೆ ಅದು ನೀರಲ್ಲಿ ಹೋಮ.

ಬಾಕ್ಸ್ ಬದಲಿಸುವಾಗ ನೀವು ಕಣ್ಣಿಡಬೇಕಾದ ಜಾಗಗಳಿವೆ. ಚಕ್ರ ನೇರ ಇಟ್ಟು, ಬಿಚ್ಚುವ ಮುಂಚೆ ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದಲೋ ಹಗ್ಗದಿಂದಲೋ ಕಟ್ಟಿಸಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಇದು ಬಹಳ ಮುಖ್ಯ: ಕಂಬಿ ಬಿಚ್ಚಿದ ಮೇಲೆ ಯಾರೋ ಸುಮ್ನೆ ಸ್ಟೀರಿಂಗ್ ಗರಗರ ತಿರುಗಿಸಿದರೆ ಒಳಗಿನ ಸುರುಳಿ ವೈರ್ ತುಂಡಾಗಿ ಏರ್‌ಬ್ಯಾಗ್ ಲೈಟ್ ಹತ್ತಿಕೊಳ್ಳುತ್ತದೆ. ಕಂಬಿಯ ಜೋಡಣೆಗೆ ಬಣ್ಣದ ಗುರುತು ಹಾಕಿಸಿ. ಹೊಸ ಬಾಕ್ಸನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಅದರ ಅರ್ಧಕ್ಕೆ ನಿಲ್ಲಿಸಿ ಕೂರಿಸಬೇಕು. ಪೈಪಿನ ನಟ್ಟುಗಳು ಹಳೇ ಗಾಡಿಯಲ್ಲಿ ಹಿಡಿದುಕೊಂಡಿರುತ್ತವೆ, ಸಾದಾ ಪಾನಾ ಹಾಕಿ ಜಗ್ಗಿದರೆ ಮೂಲೆ ಉರುಟಾಗಿ ಪೈಪೇ ಹೋಗುತ್ತದೆ. ಪೈಪ್ ನಟ್ಟಿಗೆ ಅಂತಲೇ ಇರುವ ಪಾನಾ ಬಳಸಲಿ, ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಇನ್ನೂ ಸಲೀಸು. ಜೋಡಣೆಯ ವಾಷರ್, ಓ ರಿಂಗ್ ಹೊಸವೇ ಇರಲಿ, ಬೂಟುಗಳೂ ಹೊಸವೇ.

ಹಳೇ ಆಯಿಲನ್ನು ಪೂರ್ತಿ ತೆಗೆಸಿ. ಆಯಿಲ್ ಡಬ್ಬಿಯ ತಳದ ಜಾಲರಿ ಕಟ್ಟಿಕೊಂಡಿರುತ್ತದೆ, ಅದನ್ನು ತೊಳೆಯದೆ ಹೊಸ ಬಾಕ್ಸಿಗೆ ಹಳೇ ಕೊಳೆ ಕಳಿಸಿದರೆ ಏನು ಬಂತು? ನಂತರ ಗಾಳಿ ತೆಗೆಯುವುದು. ಮುಂದಿನ ಚಕ್ರ ಎತ್ತಿ, ಇಂಜಿನ್ ಬಂದ್ ಇರುವಾಗಲೇ ಸ್ಟೀರಿಂಗನ್ನು ಹದಿನೈದು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸುತ್ತಾ ಆಯಿಲ್ ತುಂಬಿಸುತ್ತಾ ಹೋಗಬೇಕು, ಗುಳ್ಳೆ ನಿಂತ ಮೇಲೆ ಇಂಜಿನ್ ಚಾಲೂ. ಆಯಿಲ್ ನೊರೆ ನೊರೆಯಾಗಿ ಕಂಡರೆ ಗಾಳಿ ಇನ್ನೂ ಇದೆ. ಈ ಕೆಲಸಕ್ಕೆ ಅರ್ಜೆಂಟ್ ಮಾಡುವ ಮೇಸ್ತ್ರಿಗೆ ಒಂದು ಚಹಾ ಕುಡಿಸಿ ಕೂರಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್, ಅದನ್ನು ನಾಳೆಗೆ ಅಂತ ಬಿಡಬೇಡಿ, ಟೈರ್ ತಿಂದುಬಿಡುತ್ತದೆ.

ಪ್ರಶ್ನೆ: ನನ್ನದು ಪವರ್ ಸ್ಟೀರಿಂಗ್ ಇರುವ 2010ರ ಸ್ವಿಫ್ಟ್. ಸರ್ವೀಸ್ ಬಿಲ್ಲಿನಲ್ಲಿ ‘ಸ್ಟೀರಿಂಗ್ ಆಯಿಲ್’ ಅಂತ ಹಾಕಿದ್ದಾರೆ. ಮನೆಗೆ ಬಂದು ಡಬ್ಬಿ ಹುಡುಕಿದೆ, ಎಲ್ಲೂ ಕಾಣಲಿಲ್ಲ. ಎಲ್ಲಿರುತ್ತದೆ?
– ಓದುಗರು, ಕೊಪ್ಪಳ

ಉತ್ತರ: ಎಲ್ಲೂ ಇರುವುದಿಲ್ಲ. ನಿಮ್ಮದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಮೋಟಾರಿನಿಂದ ನಡೆಯುತ್ತದೆ, ಆಯಿಲ್ ಬೇಕೇ ಇಲ್ಲ. ಬಿಲ್ ಹಿಡಿದುಕೊಂಡು ವಾಪಸ್ ಹೋಗಿ, ಬಾನೆಟ್ ಎತ್ತಿ, ‘ಎಲ್ಲಿ ಹಾಕಿದ್ದೀರಿ, ತೋರಿಸಿ’ ಅಂತ ಕೇಳಿ. ನಾಲ್ಕು ಗಿರಾಕಿಗಳು ಇರುವ ಹೊತ್ತಿಗೆ ಹೋದರೆ ಬೇಗ ಉತ್ತರ ಸಿಗುತ್ತದೆ.

ಪ್ರಶ್ನೆ: ಹಳೇ ಇಂಡಿಕಾಗೆ ಸ್ಟೀರಿಂಗ್ ಬಾಕ್ಸ್ ಬದಲಿಸಿದ ಮೇಲೆ ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಎಡಕ್ಕೆ ವಾಲಿರುತ್ತದೆ. ಸ್ಟೀರಿಂಗನ್ನೇ ಬಿಚ್ಚಿ ನೇರ ಕೂರಿಸಿಕೊಡುತ್ತೇನೆ ಅಂತ ಮೇಸ್ತ್ರಿ ಹೇಳುತ್ತಾರೆ. ಮಾಡಿಸಬಹುದಾ?
– ಓದುಗರು, ಮಾನ್ವಿ

ಉತ್ತರ: ಬೇಡ. ಅದು ಕಣ್ಣಿಗೆ ನೇರ ಕಾಣುತ್ತದೆ ಅಷ್ಟೆ, ಒಳಗೆ ಬಾಕ್ಸ್ ಮಧ್ಯಕ್ಕೆ ಬಂದಿಲ್ಲದೆಯೂ ಇರಬಹುದು. ಹಾಗಿದ್ದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ತಿರುಗುತ್ತದೆ. ಬಾಕ್ಸ್ ಮಧ್ಯದಲ್ಲಿ ಇದೆಯಾ ಅಂತ ಮೊದಲು ಸುತ್ತು ಎಣಿಸಿ ನೋಡಿ. ಎರಡೂ ಕಡೆ ಸಮ ಇದ್ದರೆ ಕಂಬಿ ಒಂದು ಹಲ್ಲು ಆಚೀಚೆ ಕೂತಿರಬಹುದು, ಅದನ್ನು ಗುರುತು ಹಾಕಿ ಸರಿಪಡಿಸಬೇಕು. ವಾಲಿರುವುದು ಸ್ವಲ್ಪವೇ ಆದರೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಸ್ಟೀರಿಂಗನ್ನು ನೇರ ಕಟ್ಟಿಸಿ, ಬಾಕ್ಸನ್ನು ಚಕ್ರಕ್ಕೆ ಜೋಡಿಸುವ ಎರಡೂ ಟೈ ರಾಡ್‌ಗಳನ್ನು ತಿರುಗಿಸಿ ಸರಿ ಮಾಡುತ್ತಾರೆ. ಅಲ್ಲಿಗೆ ಹೋಗುವ ಮುಂಚೆ ನಾಲ್ಕೂ ಟೈರಿನ ಗಾಳಿ ಸಮ ಮಾಡಿಸಿ. ಟೈ ರಾಡಿನ ಲಾಕ್ ನಟ್ಟು ಬಿಗಿ ಮಾಡಿದ್ದಾರಾ ಅಂತ ಗಾಡಿ ಕೆಳಗಿಳಿಸುವ ಮುಂಚೆ ಕೇಳಿ, ಬೂಟ್ ತಿರುಚಿಕೊಂಡಿದ್ದರೆ ಆಗಲೇ ಬಿಡಿಸಿಸಿ.